ಕೆಡದ ಪಂಪು

ಆ ಘಾಟಿಯ ಬಸ್ಸಿಗೆ ಹುಡುಗನಾಗಿ ಹತ್ತಿದವನು ಮೇಲೆ ಇಳಿಯುವಾಗ ತಾತನಾಗಿರುತ್ತಾನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೇಲಿರುವ ಪುರಸಭೆಯೋ, ಕಾಡು ಒಮ್ಮೆ ಆಕಳಿಸಿದರೆ ಬಾಯೊಳಗೆ ಹೋಗಿಬಿಡುವಷ್ಟು ಚಿಕ್ಕದು.

ಪಂಪ್ ಮೆಕ್ಯಾನಿಕ್ ಇಳಿದಾಗ ಅವನ ಮೂಳೆಗಳೆಲ್ಲ ಒಂದೊಂದಾಗಿ ರಜೆ ಕೇಳುತ್ತಿದ್ದವು. ಪುರಸಭೆಯ ಬಾಗಿಲಲ್ಲಿ ಅಟೆಂಡರ್ ತಡೆದ.

“ಯಾರಪ್ಪಾ ನಿನ್ನ ಕರೆಸಿದ್ದು? ಪಂಪು ಗುಂಡುಕಲ್ಲಿನ ಹಾಗಿದೆ.”

“ಸುಮ್ನೆ ನೋಡ್ಕೊಂಡು ಹೋಗೋಣ ಅಂತ.”

“ಪಂಪನ್ನೋ?” ಅಟೆಂಡರನ ನಗೆಗೆ ಹಂಚಿನ ಮೇಲಿನ ಕಾಗೆಗಳು ಪಕ್ಕದ ಜಿಲ್ಲೆಗೇ ಹಾರಿಹೋದವು.

ಅದೇ ಸಂಕಟ. ತಿಂಗಳುಗಟ್ಟಲೆ ಪಂಪ್‌ಹೌಸಿನಿಂದ ಒಂದು ಫೋನೂ ಬಂದಿರಲಿಲ್ಲ. ಕೆಳಗಿನ ಪೇಟೆಯ ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತ್ತು, ನಾಳೆ ಸೇರಬೇಕು. ಇಲ್ಲಿ ಪಂಪು ನಡೆಸುವ ಪಂಪ್‌ಹೌಸಿನವಳು ಹೋಗಬೇಡ ಅಂದರೆ ಆ ಕೆಲಸ ಬಿಡುವುದು. ಏನೂ ಅನ್ನದಿದ್ದರೆ ಈ ಘಾಟಿಗೊಂದು ದೊಡ್ಡ ನಮಸ್ಕಾರ.

ಪಂಪ್‌ಹೌಸಿನಲ್ಲಿ ಅವಳು ಸ್ಪ್ಯಾನರ್ ಹಿಡಿದು ಕೂತಿದ್ದಳು. ಅವನನ್ನು ಕಂಡು ಅರ್ಧ ಎದ್ದಳು, ಮತ್ತೆ ಕೂತಳು. ಕೆನ್ನೆಯ ಮೇಲಿನ ಗ್ರೀಸಿನ ಕಲೆಯೂ ಕೆಂಪಾಯಿತು.

“ಮೇಡಂ, ಪಂಪು ಕೆಡ್ತಾನೇ ಇಲ್ವಾ?”

“ನಾನು ಬಿಟ್ರೆ ತಾನೆ! ನೀವು ಬಂದಾಗೆಲ್ಲ ಬುಡದ ನಟ್ಟು ಸಡಿಲ ಬಿಟ್ಟು ಹೋಗ್ತೀರಿ. ಪಂಪು ಅದುರಿ ಅದು ಮತ್ತೆ ಮತ್ತೆ ಸಡಿಲಾಗುತ್ತೆ, ದಿನಾ ಬೆಳಿಗ್ಗೆ ನಾನೇ ಬಿಗಿ ಮಾಡ್ತೀನಿ.”

ಅವನು ತಲೆ ಕೆರೆದುಕೊಂಡ. “ಅದು ಮರೆತು ಬಿಟ್ಟಿದ್ದಲ್ಲ.”

“ಮತ್ತೆ?”

“ನೀರು ಸೋರಿದ್ರೆ ತಾನೆ ನೀವು ಫೋನ್ ಮಾಡೋದು?”

ಕೈಯಿಂದ ಜಾರಿದ ಸ್ಪ್ಯಾನರಿನ ಸದ್ದಿಗೆ ಸುತ್ತಲಿನ ಬೆಟ್ಟಗಳೆಲ್ಲ ಬೆಚ್ಚಿಬಿದ್ದವು.

“ಅಯ್ಯೋ ನಿಮ್ಮ! ಪ್ರತಿಸಲ ಮುಖ ಬಾಡಿಸ್ಕೊಂಡು, ಕಾಲೆಳ್ಕೊಂಡು ಬರ್ತೀರಿ. ಪಾಪ, ಇನ್ನು ಈ ಘಾಟಿ ಹತ್ತಿಸೋದು ಬೇಡ ಅಂತ ನಾನು...” ಅಂಗೈಯ ಬೊಬ್ಬೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ನಂಗೂ ಸಾಕಾಗಿದೆ ರೀ. ಬರೋದು ಬೇಡ ಅಂತ ಬಿಗಿ ಮಾಡೋದು, ಬರ್ಲಿಲ್ಲ ಅಂತ ದಾರಿ ಕಾಯೋದು.”

ಅವನು ವರ್ಕ್‌ಶಾಪಿನ ಸುದ್ದಿ ಹೇಳಿದ. ಅವಳು ನೆಲ ನೋಡುತ್ತ ಕೇಳಿದಳು. “ಹೋಗ್ತೀರಾ?”

“ನೀನು ಹೇಳು.” ಮೇಡಂ ಎಲ್ಲಿ ಮಾಯವಾದಳೋ ಅವನಿಗೇ ತಿಳಿಯಲಿಲ್ಲ.

“ಹೋಗ್ಬೇಡಿ.”

ಅಷ್ಟು ಕೇಳಿದ್ದೇ ತಡ, ಜನ್ಮದ ಆಯಾಸವೆಲ್ಲ ಒಟ್ಟಿಗೆ ಇಳಿದು ಬಂತು. ಅವಳ ಪಕ್ಕ ಗೋಡೆಗೊರಗಿದವನು ಏನೋ ಹೇಳಲು ಬಾಯಿ ತೆರೆದ, ಹೊರಬಿದ್ದದ್ದು ಗೊರಕೆ. ತಲೆ ಅವಳ ಹೆಗಲಿಗೆ ವಾಲಿತು.

ಸಂಜೆ ನೀರು ಬಿಡುವ ಹೊತ್ತಾಯಿತು. ಸ್ವಿಚ್ಚು ಕೈಗೆಟುಕುವುದಕ್ಕೆ ಒಂದು ಗೇಣು ಸಾಲದು. ಏಳಬೇಕು, ಎದ್ದರೆ ತಲೆ ಜಾರುತ್ತದೆ. ಹೆಗಲು ಜೋಮು ಹಿಡಿದರೂ ಅವಳು ಉಸಿರು ಬಿಗಿಹಿಡಿದು ಕೂತೇ ಇದ್ದಳು.

ಅಂದು ಪಂಪು ಸರಿಯಿದ್ದೂ ಊರಿಗೆಲ್ಲ ನೀರು ತಡವಾಯಿತು.