ಮೊಸಳೆಯ ಹಲ್ಲು, ಹಬೂಬಾಳ ಕಣ್ಣು

ನಾನೊಮ್ಮೆ ಸೀನಿದ ರಭಸಕ್ಕೆ ನೈಲ್ ನದಿಯ ಮೊಸಳೆಯೊಂದರ ಅಷ್ಟೂ ಹಲ್ಲು ಉದುರಿಹೋದವು. ಪಾಪ, ಇವತ್ತಿಗೂ ಅದು ಜೋಳದ ಗಂಜಿ ಕುಡಿದುಕೊಂಡು ಬದುಕಿದೆ. ಅಂಥ ಬಖೀತ್ ಮಾಮ ನಾನು! ಅಬು ಸನದ್ ಅಂಗಡಿಯ ಕಣ್ಣಿನ ಯಂತ್ರ ನನಗೆ ಯಾವ ಲೆಕ್ಕ?

ಆ ಯಂತ್ರ ಎರಡನೇ ಸಲ 'ಟೊಂಯ್' ಎಂದಾಗ ನನ್ನ ಅಕ್ಕನ ಮಗಳು ಇಖ್ಲಾಸ್ ಅಜ್ಜಿಯ ತೋಳು ಹಿಡಿದುಕೊಂಡಳು.

"ಕಣ್ಣು ಹೊಂದುತ್ತಿಲ್ಲಮ್ಮ," ಎಂದ ಅಬು ಸನದ್, ಹಬೂಬಾಳಿಗೆ. "ಇನ್ನೊಂದೇ ಚಾನ್ಸು. ಅದೂ ತಪ್ಪಿದ್ರೆ ಯಂತ್ರ ಬೀಗ ಹಾಕ್ಕೊಂಡ್‌ಬಿಡುತ್ತೆ."

ಹಬೂಬಾ ಅಂದರೆ ಇಖ್ಲಾಸಳ ಅಜ್ಜಿ, ನನ್ನ ಅಮ್ಮ. ಬೀಗ ಬಿದ್ದರೆ ಅವಳು ಮತ್ತೆ ನಿರಾಶ್ರಿತರ ದೊಡ್ಡ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನ ಬಾಲ ಈ ಅಮ್ಮಾನ್ ನಗರದ ಏಳೂ ಗುಡ್ಡ ಸುತ್ತಿ ಚಂದ್ರನನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ಹಿಟ್ಟಿಲ್ಲ, ಬೇಳೆಯಿಲ್ಲ, ಇಖ್ಲಾಸಳ ಪುಟ್ಟ ತಮ್ಮನಿಗೆ ಹಾಲಿನ ಪುಡಿಯಿಲ್ಲ. ಪುಡಿಯ ಡಬ್ಬ ಬೆಳಿಗ್ಗೆಯೇ ಖಾಲಿಯಾಗಿತ್ತು.

ನಾವು ಸುಡಾನಿನಿಂದ ಬಂದು ನಾಲ್ಕು ವರ್ಷ. ಇಲ್ಲಿ ಇರಬಹುದೋ ಇಲ್ಲವೋ ಎಂಬ ತೀರ್ಮಾನ ಇನ್ನೂ ಬಂದಿಲ್ಲ. ಬರುವವರೆಗೆ ತಿಂಗಳಿಗೊಮ್ಮೆ ದಿನಸಿ ಸಿಗುತ್ತದೆ. ಸಹಿ ಬೇಡ, ಹೆಬ್ಬೆಟ್ಟು ಬೇಡ. ಮನೆಗೆ ಹಿರಿಯಳಾದ ಹಬೂಬಾ ಯಂತ್ರವನ್ನು ದಿಟ್ಟಿಸಿ ನೋಡಿದರೆ ಸಾಕು, ಅದು ಕಣ್ಣಿನಿಂದಲೇ ಗುರುತು ಹಿಡಿಯುತ್ತದೆ.

ಆದರೆ ಅವತ್ತು ಹಬೂಬಾಳ ಕಣ್ಣುಗಳು ಎರಡು ಟೊಮೆಟೊ ಆಗಿದ್ದವು.

ನಮ್ಮ ಹೆಂಗಸರು ಹೊರಗೆ ಹೊರಡುವ ಮುಂಚೆ ಕೆಂಡದ ಮೇಲೆ ಗಂಧದ ಚೂರು ಉದುರಿಸಿ, ಮೈಗೆ ಸುತ್ತುವ ಬಟ್ಟೆಗೆ ಹೊಗೆ ಹಿಡಿಯುತ್ತಾರೆ. ಅವತ್ತು ಯಾರೋ ಒಂದು ಚಿಟಿಕೆಯ ಬದಲು ಒಂದು ಹಿಡಿ ಸುರಿದಿದ್ದರು. ಯಾರೋ! ಆ ಹೊಗೆಗೆ ಮೂರು ವಿಮಾನ ದಾರಿ ತಪ್ಪಿದವು.

"ಕಣ್ಣು ಬಿಡು ಹಬೂಬಾ," ಎಂದಳು ಇಖ್ಲಾಸ್.

"ಬಿಟ್ಟಿದೀನಲ್ಲೇ!"

"ಒಂದೇ ಬಿಟ್ಟಿದೀಯ. ಅದೂ ಅರ್ಧ."

"ಉರಿಯುತ್ತೆ ಕಣೇ. ಈ ಮಿಷನ್ನು ಬೇರೆ ಪೊಲೀಸಿನವನ ಥರ ಗುರಾಯಿಸುತ್ತೆ."

"ಶ್! ನಿಜವಾದ ಪೊಲೀಸು ಇಲ್ಲೇ ಇದಾರೆ!"

ಹೌದು, ಪಕ್ಕದಲ್ಲೇ ಒಬ್ಬ ಪೊಲೀಸ್ ಸಿಗರೇಟು ಕೊಳ್ಳುತ್ತಿದ್ದ. ಹಬೂಬಾ ಮುಖ ಮುಚ್ಚಿಕೊಂಡಳು.

ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ಗೊಣಗಿದಳು. "ನಿಮ್ಮ ಕೇಸು ಇನ್ನೂ ತೀರ್ಮಾನ ಆಗಿಲ್ವಲ್ಲ, ಅದಕ್ಕೇ ಕೊಡ್ತಿಲ್ಲ. ಸುಮ್ನೆ ಮನೆಗೆ ಹೋಗಿ."

ಇಖ್ಲಾಸ್ ಗೋಡೆಯ ನೋಟಿಸಿನ ಕಡೆ ಬೆರಳು ತೋರಿಸಿದಳು. "ಓದಿ ನೋಡಿ ಚಿಕ್ಕಮ್ಮ. ತೀರ್ಮಾನ ಆಗೋವರೆಗೂ ನಮಗಿದೆ. ನಮ್ಮ ಕೇಸಿಗೇನೂ ಆಗಿಲ್ಲ. ನಮ್ಮಜ್ಜಿ ರೆಪ್ಪೆಗೆ ಆಗಿದೆ."

ಅಬು ಸನದ್ ನೀರಿನ ಬಾಟಲಿ ಕೊಟ್ಟ. ಇಖ್ಲಾಸ್ ಅಜ್ಜಿಯ ಕಣ್ಣು ತೊಳೆದಳು. ಉರಿ ಇಳಿಯಿತು. ಆದರೆ ಯಂತ್ರದ ಬೆಳಕು ಹತ್ತಿರ ಬಂದ ಕೂಡಲೇ ರೆಪ್ಪೆಗಳು ಗಪ್ಪನೆ ಮುಚ್ಚಿಕೊಂಡವು. ಉಳಿದಿರುವುದು ಒಂದೇ ಚಾನ್ಸು!

ಆಗ ನಾನು ಸಿಂಹದಂತೆ ಒಳಗೆ ನುಗ್ಗಿದೆ. ನೆಲ ನಡುಗಿತು. ಕಪಾಟಿನ ಟಿನ್ನುಗಳೆಲ್ಲ ಎದ್ದು ಸೆಲ್ಯೂಟ್ ಹೊಡೆದವು. ಸೊಂಟದ ಮೇಲೆ ಕೈಯಿಟ್ಟು ಗುಡುಗಿದೆ:

"ಯಮ್ಮಾ! ಆ ಹಲ್ಲಿಲ್ಲದ ಮೊಸಳೆ ಫೋನ್ ಮಾಡಿತ್ತು. ನಾಳೆ ಅದರ ಮದುವೆ. ನಿನ್ನ ಹಲ್ಲಿನ ಸೆಟ್ಟು ಒಂದು ದಿನಕ್ಕೆ ಬೇಕಂತೆ!"

"ಏನಂದೆ?!" ಹಬೂಬಾಳ ಕಣ್ಣುಗಳು ತಟ್ಟೆಯಷ್ಟು ಅಗಲವಾದವು.

'ಟಿಂಗ್!' ಎಂದಿತು ಯಂತ್ರ.

ಅಬು ಸನದ್ ಚಪ್ಪಾಳೆ ಹೊಡೆದ. ಹಿಟ್ಟು ಬಂತು, ಬೇಳೆ ಬಂತು, ಹಾಲಿನ ಪುಡಿ ಬಂತು. ಇಡೀ ಅಮ್ಮಾನ್ ನನ್ನನ್ನು ಹೆಗಲ ಮೇಲೆ ಹೊತ್ತು...

"ಮಾಮಾ."

ಇಖ್ಲಾಸ್ ನನ್ನ ಬೆನ್ನ ಹಿಂದೆ ನಿಂತು ಇದನ್ನೆಲ್ಲ ಓದುತ್ತಿದ್ದಾಳೆ. ಬಾಯಲ್ಲಿ ಬಿಸ್ಕತ್ತು.

"ನೀನು ಅಂಗಡಿ ಒಳಗೇ ಬರಲಿಲ್ಲ."

"ಬಾಗಿಲ ತನಕ ಬಂದಿದ್ದೆ..."

"ಕಲ್ಲಂಗಡಿ ಗಾಡಿ ಹಿಂದೆ ಕೂತಿದ್ದೆ. ಗಂಧ ಸುರಿದಿದ್ದು ಯಾರು ಅಂತಾನೂ ಬರಿ."

ಸರಿ, ಬರೆಯುತ್ತೇನೆ. ಗಂಧ ಸುರಿದದ್ದು ನಾನೇ. ವಿಮಾನಗಳು ಅವುಗಳ ದಾರಿಯಲ್ಲೇ ಹೋದವು.

ಇಲ್ಲಿ ಇರಲು ನನಗೆ ಕೊಟ್ಟ ಕಾಗದ ಬೇರೆ. ಅದರ ತಾರೀಖು ಮುಗಿದಿತ್ತು, ಹೊಸದಕ್ಕೆ ಕಚೇರಿಯಿಂದ ಕರೆ ಬಂದಿರಲಿಲ್ಲ. ಗಾಜಿನಾಚೆ ಪೊಲೀಸಿನ ಟೋಪಿ ಕಂಡದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆ ಗಾಡಿಯ ಹಿಂದೆ ಹೋದವು. ಮೊಸಳೆಯ ಮದುವೆ ಮಾಡಿಸಿದ್ದು ಇಖ್ಲಾಸ್. ಥೇಟ್ ನನ್ನದೇ ದನಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು. ಪೊಲೀಸ್ ಕೂಡ ನಕ್ಕದ್ದು ಗಾಜಿನ ಮೂಲಕ ಕಂಡಿತು.

ಹೊರಗೆ ಬಂದವಳು ನನ್ನನ್ನೂ ಗಾಡಿಯನ್ನೂ ನೋಡಿದಳು. ತಿರುಗಿ ಪೊಲೀಸಿನವನನ್ನು ನೋಡಿದಳು. "ಯಾಕೆ ಒಳಗೆ ಬರಲಿಲ್ಲ?" ಎಂದು ಕೇಳಲಿಲ್ಲ. ಹಿಟ್ಟಿನ ಚೀಲ ನನ್ನ ಹೆಗಲಿಗೇರಿಸಿ, ಅವನಿಗೂ ನನಗೂ ನಡುವೆ ಬಂದು, ನನ್ನ ಕೈ ಹಿಡಿದಳು. ಮನೆಯ ಮೆಟ್ಟಿಲವರೆಗೂ ಬಿಡಲಿಲ್ಲ.

"ಮಾಮಾ, ನೀನು ಸೀನಿದ ಕತೆ ಹೇಳು," ಎಂದಳು ದಾರಿಯಲ್ಲಿ. "ಜೋರಾಗಿ ಹೇಳು."

ಹೇಳಿದೆ.

ಮೊಸಳೆಯನ್ನು ನಾನು ನೋಡೇ ಇಲ್ಲ. ಅದರ ಹಲ್ಲುಗಳೆಲ್ಲ ಅದರ ಬಾಯಲ್ಲೇ ಇವೆ. ಅವತ್ತು ಉದುರಿಹೋಗುವ ಹಾಗೆ ಕಟಕಟ ಎನ್ನುತ್ತಿದ್ದದ್ದು ನನ್ನವು.