ಬೀಗಕ್ಕೊಂದು ಪರವಾನಗಿ

"ಕೀಬೋರ್ಡ್ ಮ್ಯಾಲಿಂದ ಕೈ ತೆಗೀರಿ!"

ಅಂಜನ್ ಬೆಚ್ಚಿಬಿದ್ದು ತಿರುಗಿದ. ಹಿಂದೆ ಯಾರೋ ಹುಡುಗಿ ಏದುಸಿರು ಬಿಡುತ್ತ ನಿಂತಿದ್ದಳು. ಮೂರು ಮಹಡಿ ಓಡಿ ಹತ್ತಿ ಬಂದಿದ್ದಳು, ಪಾಪ.

"ಯಾರ್ರೀ ನೀವು?"

"ಭಾಗ್ಯಶ್ರೀ. ಲೀಗಲ್ ಟೀಮ್. ಆ ಮೇಲ್ ಕಳಿಸಿದ್ರ ನಿಮ್ಮ ಮ್ಯಾಲೆ ಕೇಸ್ ಆಗ್ತದ್ರೀ!"

ಯಾದಗಿರಿ ಕಡೆಯ ಮಾತು. 'ಕೋಪದಲ್ಲೂ ಎಷ್ಟು ಚಂದ...' ಎಂದುಕೊಂಡವನಿಗೆ, ತಾನೂ ಸಿಟ್ಟಾಗಬೇಕೆಂಬುದು ಆಮೇಲೆ ನೆನಪಾಯಿತು. ಮುಖ ಗಂಟಿಕ್ಕಿದ.

ದೊಡ್ಡನೆಕ್ಕುಂದಿಯ ಆ ಪುಟ್ಟ ಕಂಪನಿಯಲ್ಲಿ ಅವನು ಎರಡು ವರ್ಷ ಕೂತು ಒಂದು ಆ್ಯಪ್ ಬರೆದಿದ್ದ. ಮನೆಗೆಲಸಕ್ಕೆಂದು ಪರದೇಶಕ್ಕೆ ಹೋಗಿ ಕಷ್ಟಕ್ಕೆ ಸಿಕ್ಕಿದ ನೇಪಾಳದ ಹೆಣ್ಣುಮಕ್ಕಳಿಗಾಗಿ. ಅವರು ಸಹಾಯವಾಣಿಗೆ ಬರೆದ ಪ್ರತಿ ಮಾತಿಗೂ ಗೂಢಲಿಪಿಯ ಬೀಗ. ಮಾಲೀಕ ಫೋನ್ ಕಿತ್ತುಕೊಂಡರೂ ಓದಲಾಗದು. ಕಠ್ಮಂಡುವಿನಲ್ಲಿ ಸಹಾಯವಾಣಿಯವರು ಅದಕ್ಕಾಗಿ ದಾರಿ ಕಾಯುತ್ತಿದ್ದರು. ಅವರಿಗೇ ಅದನ್ನು ಮೇಲ್‌ನಲ್ಲಿ ಕಳಿಸಲು ಹೊರಟಿದ್ದ. ಆದರೆ ಇಂಥ ಗಟ್ಟಿ ಬೀಗ ದೇಶದ ಗಡಿ ದಾಟಬೇಕಾದರೆ ಸರ್ಕಾರದ ಪರವಾನಗಿ ಬೇಕಿತ್ತು.

"ಇದೇನ್ ಬಾಂಬಾ? ಒಂದು ಮೇಲ್ ತಾನೆ!"

"ಕಾನೂನಿಗೆ ಮೇಲ್ ಆದ್ರೂ ಒಂದ, ಲಾರಿ ಆದ್ರೂ ಒಂದ. ಗಡಿ ದಾಟ್ತು ಅಂದ್ರ ದಾಟ್ತು." ಅವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಅರ್ಜಿ ನಾ ಬರೀತೀನಿ. ನಿಮ್ಮ ಬೀಗ ಹೆಂಗ ಕೆಲಸ ಮಾಡ್ತದ, ನನಗ ತಿಳಿಯೋ ಹಂಗ ಹೇಳ್ರಿ."

ಹೇಳಿದ. ಒಂದು ದಿನವಲ್ಲ, ಎರಡು ತಿಂಗಳು! ಸರ್ಕಾರದ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಮುಗಿಯಲಿ ಎಂಬ ಆಸೆಯೂ ಇಬ್ಬರಿಗೂ ಇರಲಿಲ್ಲ ಬಿಡಿ.

ಸಂಜೆ ಕಾಡುಗೋಡಿಯ ಮೆಟ್ರೊದಲ್ಲಿ ಪಕ್ಕಪಕ್ಕ ಕೂತರೆ, ಕಿಟಕಿಯಾಚೆ ಆಕಾಶ ಕೇಸರಿಯಾಗಿ, ಗಾಜಿನ ಕಟ್ಟಡಗಳೆಲ್ಲ ಮೆಲ್ಲಗೆ ತೇಲಿಹೋಗುತ್ತಿದ್ದವು. 'ಈ ರೈಲು ನಿಲ್ಲದೆ ಹೀಗೇ ಹೋಗುತ್ತಿರಬಾರದೇ...' ಕಾಡುಗೋಡಿಯೇ ಕೊನೆಯ ನಿಲ್ದಾಣ, ಮುಂದೆ ಹಳಿಯೇ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ದಿನವೂ ಅದನ್ನೇ ಬಯಸುತ್ತಿದ್ದಳು.

ಒಂದು ಸಂಜೆ ಅವಳಿಗೆ ಅವನ ಭುಜದ ಮೇಲೆಯೇ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಬೋಗಿ ಪೂರ್ತಿ ಖಾಲಿ. ಅವನು ಮಾತ್ರ ಅಲುಗಾಡದೆ ಕೂತಿದ್ದ!

'ಇವನನ್ನು ಬಿಟ್ಟು ನಾನು ಹೇಗಿರಲಿ?' ಎಂದು ಅವಳಿಗೆ ಅನಿಸಿದ್ದು ಆಗಲೇ.

ಮರುದಿನ ಅರ್ಜಿಯ ಜೊತೆಗಿಡುವ ಒಂದು ಹಾಳೆ ಅವಳ ಮುಂದಿತ್ತು. ಕಡತ ನೋಡುವವರು ತಾವೇ ತುಂಬಬೇಕಾದ ಹಾಳೆ. 'ಅರ್ಜಿದಾರರೊಂದಿಗೆ ನಿಮಗೆ ವೈಯಕ್ತಿಕ ಸಂಬಂಧವಿದೆಯೇ?'

ಅರ್ಜಿದಾರನೆಂದರೆ ಅಂಜನ್. ಪೆನ್ನು ನಿಂತಿತು. ಇಲ್ಲ ಎಂದರೆ ಸುಳ್ಳು. ಸುಳ್ಳು ಮುಂದೆಂದೋ ಬಯಲಾದರೆ ಪರವಾನಗಿಗೇ ಕುತ್ತು. ಅಷ್ಟು ದೂರದಲ್ಲಿ ಕಾಯುತ್ತಿರುವ ಆ ಹೆಣ್ಣುಮಕ್ಕಳ ಗತಿ?

ಹೌದು ಎಂದು ಬರೆದಳು. ಬರೆದು, ಕಡತವನ್ನು ಲೀಗಲ್ ಟೀಮಿನ ಹಿರಿಯ ಅಧಿಕಾರಿ ವಸಂತಮ್ಮನವರ ಕೈಗಿಟ್ಟಳು.

ವಸಂತಮ್ಮ ಓದಿ ಕನ್ನಡಕದ ಮೇಲಿಂದ ನೋಡಿದರು. "ಅವನಿಗೆ ಗೊತ್ತಾ?"

"ಇಲ್ರೀ ಮೇಡಂ."

"ಹಾಗಾದ್ರೆ ಫೈಲ್ ಮುಗಿಯೋವರೆಗೂ ಅವನ ಹತ್ರ ಮಾತು ಬೇಡ ಕಣಮ್ಮ. ನಾಳೆ ಯಾರೂ ಬೆರಳು ತೋರಿಸಬಾರದು."

ಅಂಜನ್‌ಗೆ ಸಿಕ್ಕಿದ್ದು ಒಂದೇ ಸಾಲಿನ ಮೇಲ್. ನಿಮ್ಮ ಕಡತವನ್ನು ಇನ್ನು ವಸಂತಮ್ಮ ನೋಡಿಕೊಳ್ಳುತ್ತಾರೆ.

ಲಿಫ್ಟ್ ಮುಂದೆ ಅವಳನ್ನು ತಡೆದು ನಿಲ್ಲಿಸಿದ. "ಕಷ್ಟದ ಟೈಮಲ್ಲಿ ಕೈ ಬಿಟ್ಬಿಟ್ರಿ ಅಲ್ವಾ? ಬೇಜಾರಾಯ್ತಾ ನನ್ ಕೆಲಸ?"

ಅವಳು ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದಳು.

"ಒಂದ್ ಮಾತಾದ್ರೂ ಆಡ್ರೀ!"

ಲಿಫ್ಟ್ ಬಾಗಿಲು ಮುಚ್ಚಿತು. ಆ ಸಂಜೆ ಭಾಗ್ಯಶ್ರೀ ಮಹಿಳೆಯರ ಬೋಗಿ ಹತ್ತಿದಳು. ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ. ಬಾಡಿಗೆ ರೂಮಿನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಏಳು ವಾರ ಹೀಗೇ ಕಳೆಯಿತು...

ಒಂದು ಶುಕ್ರವಾರ ಪರವಾನಗಿ ಬಂತು. ವಸಂತಮ್ಮನ ಎದುರೇ ಅಂಜನ್ ಆ ಮೇಲ್ ಕಳಿಸಿದ. ಬೀಗ ಗಡಿ ದಾಟಿತು. ಅವನ ಮುಖ ಮಾತ್ರ ಅರಳಲಿಲ್ಲ.

"ಯಾಕಪ್ಪ, ಖುಷಿ ಆಗ್ಲಿಲ್ವಾ?"

"ಇದನ್ನ ಶುರು ಮಾಡಿದೋರು ಇವತ್ತು ಇಲ್ಲಿರ್ಬೇಕಿತ್ತು ಮೇಡಂ. ಅವ್ರಿಗೆ ಬೇಡವಾಯ್ತು..."

"ಅಯ್ಯೋ ದಡ್ಡ! ಫೈಲ್ ಮುಗೀತು. ಇನ್ನಾದ್ರೂ ಓದ್ಕೋ." ಆ ಹಾಳೆಯನ್ನು ಅವನ ಮುಂದಿಟ್ಟರು.

ಓದಿದ. ಇನ್ನೊಮ್ಮೆ ಓದಿದ. ಬ್ಯಾಗನ್ನೂ ಮರೆತು ಓಡಿದ!

ಕಾಡುಗೋಡಿ ನಿಲ್ದಾಣದಲ್ಲಿ ಜನ ಇಳಿದು ಚದುರುತ್ತಿದ್ದರು. ಮಹಿಳೆಯರ ಬೋಗಿಯಿಂದ ಕೊನೆಯಲ್ಲಿ ಇಳಿದವಳ ಎದುರು ಅವನು ನಿಂತಿದ್ದ. ಸಂಜೆಯ ಬಿಸಿಲು ಅವಳ ಮುಖದ ಮೇಲಿತ್ತು.

"ಕ್ಷಮಿಸಿಬಿಡಿ... ನಾನು ಏನೇನೋ ಅಂದ್ಬಿಟ್ಟೆ."

ಅವಳ ಕಣ್ಣು ತುಂಬಿತು. "ಬೀಗ ಹೋತೇನ್ರೀ?"

"ಹೋಯ್ತು. ಆದ್ರೆ ನಿಮ್ಮ ಹಾಳೇಲಿ ಒಂದು ಜಾಗ ಖಾಲಿ ಇದೆ. ಸಂಬಂಧದ ವಿವರ ಅಂತ."

"ನಿಮ್ಮನ್ನ ಕೇಳದ ಏನಂತ ಬರೀಲಿ?"

"ನನ್ನ ಹೆಂಡ್ತಿ ಆಗೋಳು ಅಂತ ಬರೀರಿ."

"ನಾ ಇನ್ನೂ ಒಪ್ಪಿಲ್ಲಲ್ರೀ. ಸುಳ್ಳು ಬರಿಲಾಕ ಬರಲ್ಲ ನನಗ."

ಅವನ ಮುಖ ಸಪ್ಪೆಯಾಯಿತು. "ಹಾಗಾದ್ರೆ... ಒಪ್ಕೋತೀರಾ?"

ಅವಳು ಅಳುತ್ತಲೇ ನಕ್ಕಳು.

"ಹೂಂ. ಈಗ ಬರೀಬಹುದು."