ಸುಂಕದವರ ಮುಂದೆ ಸುಖ

ರಾಮಲಿಂಗಪ್ಪನ ಡೀಸೆಲ್ ಒಂದು ದಿನ ನಿಂತರೆ ಪುಣೆಯಲ್ಲಿ ಸೂರ್ಯ ಒಂದು ತಾಸು ತಡವಾಗಿ ಹುಟ್ಟುತ್ತಾನೆ. ಇದು ಸುಳ್ಳೆನ್ನುವವರು ಮಗರಪಟ್ಟಾದಲ್ಲಿರುವ ಅವನ ಆಫೀಸಿಗೆ ಹೋಗಿ ಅವನನ್ನೇ ಕೇಳಬಹುದು. ಚಹಾ ತರಿಸುತ್ತಾನೆ. ಇಂದಾಪುರದ ಆಚೆಗಿರುವ ತನ್ನ ಕಾರ್ಖಾನೆಯಲ್ಲಿ ಕರಿದ ಎಣ್ಣೆ ಡೀಸೆಲ್ ಆಗುವ ವೇಗ ನೋಡಿ ಜರ್ಮನಿಯ ಎಂಜಿನಿಯರನೊಬ್ಬ ನಿಂತಲ್ಲೇ ಮೂರ್ಛೆ ಹೋದದ್ದನ್ನು ಹೇಳುತ್ತಾನೆ. ಎರಡನೆಯ ಚಹಾ ಬರುವ ಹೊತ್ತಿಗೆ ಮೂರ್ಛೆ ಹೋದ ಜರ್ಮನಿಯವರು ಇಬ್ಬರಾಗಿರುತ್ತಾರೆ.

ಆ ಕಾರ್ಖಾನೆ ಹೋದ ಶ್ರಾವಣದಿಂದ ಬಂದಾಗಿತ್ತು.

ನಡೆಯುತ್ತಿದ್ದಾಗ ಅದು ನಿಜಕ್ಕೂ ನೋಡುವಂಥದ್ದೇ. ಪುಣೆಯ ವಡಾಪಾವ್ ಗಾಡಿಗಳಿಂದ, ಫರಸಾಣದ ಅಂಗಡಿಗಳಿಂದ ಕರಿದು ಕರಿದು ಕಪ್ಪಾದ ಎಣ್ಣೆ ಬರುತ್ತಿತ್ತು. ಅದನ್ನು ಸೋಸಿ, ಮೆಥನಾಲ್ ಕೂಡಿಸಿ, ಎರಡಾಳೆತ್ತರದ ಉಕ್ಕಿನ ಹಂಡೆಯಲ್ಲಿ ಬಿಸಿ ಮಾಡಿ ಕಲಕಿದರೆ ಮೇಲೆ ಜೈವಿಕ ಡೀಸೆಲ್ ತೇಲುತ್ತಿತ್ತು, ಕೆಳಗೆ ಗ್ಲಿಸರಿನ್ ಕೂಡುತ್ತಿತ್ತು. ಆಮೇಲೆ ಹಡಗಿನಲ್ಲಿ ಹೊರದೇಶದ ಜೈವಿಕ ಡೀಸೆಲ್ ಬಂದು ಇಳಿಯತೊಡಗಿತು. ಆ ದೇಶದವರು ತಮ್ಮೂರಿನಲ್ಲಿ ಮಾರುವುದಕ್ಕಿಂತ ಅಗ್ಗಕ್ಕೆ ಇಲ್ಲಿ ಸುರಿದರು. ಹಾಗೆ ಸುರಿಯದಿರಲಿ ಎಂದು ಸರ್ಕಾರ ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಅವರು ಬೆಲೆಯನ್ನು ಇನ್ನೂ ಇಳಿಸಿ ಸುಂಕವನ್ನು ನುಂಗಿ ನೀರು ಕುಡಿದರು. ರಾಮಲಿಂಗಪ್ಪನ ಗಿರಾಕಿಗಳು ಒಬ್ಬೊಬ್ಬರಾಗಿ ಕೈಮುಗಿದು ಹೋದರು.

ಈಗ ಆ ಸುಂಕದ ಅವಧಿ ಮುಗಿಯುತ್ತಿತ್ತು. ಇರಬೇಕೋ, ಏರಬೇಕೋ, ಹೋಗಬೇಕೋ ಎಂದು ದಿಲ್ಲಿಯ ಕಚೇರಿ ಮರುಪರಿಶೀಲನೆ ಹಚ್ಚಿತ್ತು. ಏರಿದರೆ ಕಾರ್ಖಾನೆ ಮತ್ತೆ ಉಸಿರಾಡುತ್ತದೆ. ಹೋದರೆ ಗುಜರಿಯವನ ಲಾರಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಸುಂಕ ಬೇಕೆಂದು ಬೇಡಿಕೊಂಡ ಕೆಲವೇ ತಯಾರಕರಲ್ಲಿ ರಾಮಲಿಂಗಪ್ಪನೂ ಒಬ್ಬ. ನಿಮ್ಮ ಕಾರ್ಖಾನೆ ಹೇಗಿದೆ ಎಂದು ದಿಲ್ಲಿಯವರು ಕೇಳಿದ್ದರು. ಹಗಲಿರುಳು ನಡೆದಿದೆ, ಏಷ್ಯಾದಲ್ಲೇ ಇದಕ್ಕೆ ಜೋಡಿಯಿಲ್ಲ ಎಂದು ಅವನು ಉತ್ತರ ಕೊಟ್ಟಿದ್ದ. ಸರಿ, ಬಂದು ನೋಡುತ್ತೇವೆ ಎಂದು ಅವರು ತಿಳಿಸಿದರು.

ಹೆಂಡತಿ ಶಿವಕಾಂತಾ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಬಂದ್ ಆಗೇದ ಅಂತ ಹೇಳಿಬಿಡ್ರಿ. ಏನ್ ನುಂಗ್ತಾರ ನಿಮ್ಮನ್ನ?"

"ಸುಂಕದವರ ಮುಂದ ಸುಖದುಃಖ ಹೇಳ್ಕೊಂಡು ಉದ್ಧಾರ ಆದವ್ರು ಯಾರದಾರ? ಸತ್ತ ಎಮ್ಮಿಗೆ ಯಾರರ ಮೇವು ಹಾಕ್ತಾರೇನ?"

"ಸುಖಾನೂ ಬ್ಯಾಡ, ದುಃಖಾನೂ ಬ್ಯಾಡ. ಖರೇ ಹೇಳ್ರಿ, ಸಾಕು."

ಖರೇ ಹೇಳುವುದು ಅವನಿಂದಾಗುವ ಕೆಲಸವಾಗಿರಲಿಲ್ಲ. ವರ್ಷವಿಡೀ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರೂ ಫೋನು ಮಾಡದ ಆಫೀಸಿನಲ್ಲಿ ಹೋಗಿ ಕುಳಿತಿದ್ದ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತಿದ್ದರು. ಕಾರು ಮಾರಿದ ಮೇಲೆ ಡ್ರೈವರ್ ಊರಿಗೆ ಹೋಗಿದ್ದಾನೆಂದು ಹೇಳಿ ಎಸ್‌ಟಿ ಬಸ್ಸಿನಲ್ಲಿ ಇಂದಾಪುರಕ್ಕೆ ಹೋಗುತ್ತಿದ್ದ. ಹೋಗಿ ಮಾಡುವುದೇನಿಲ್ಲ. ತಣ್ಣಗಿನ ಹಂಡೆಯ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಉಳಿದ ಆಳುಗಳೆಲ್ಲ ಕಟ್ಟಡದ ಕೆಲಸಕ್ಕೆ ಹಿಂಜವಡಿಯ ಕಡೆಗೆ ಹೋಗಿದ್ದರು. ಯಾದಗಿರಿ ಕಡೆಯ ಹುಲಿಗೆಪ್ಪ ಮತ್ತು ಅವನ ಹೆಂಡತಿ ಸಾಬವ್ವ ಮಾತ್ರ ಕಾವಲಿಗೆಂದು ಶೆಡ್ಡಿನಲ್ಲೇ ಉಳಿದಿದ್ದರು. ಹಂಡೆ ಹೋದರೆ ಅವರ ಸೂರೂ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಮೂವರೂ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಹೀಗಾಗಿ ಸತ್ತ ಕಾರ್ಖಾನೆಯನ್ನು ಒಂದು ದಿನದ ಮಟ್ಟಿಗೆ ಬದುಕಿಸಲು ರಾಮಲಿಂಗಪ್ಪ ನಿರ್ಧರಿಸಿದ. ಇಂಥ ಯೋಜನೆ ಭೂಮಿಯ ಮೇಲೆ ಹಿಂದೆ ಯಾರೂ ಹಾಕಿರಲಿಲ್ಲ, ಮುಂದೆಯೂ ಹಾಕುವವರಿಲ್ಲ. ಅವನ ಅಭಿಪ್ರಾಯವಂತೂ ಅದೇ.

ಮೊದಲನೆಯದು, ಸಂಗ್ರಹದ ಟ್ಯಾಂಕು ತುಂಬಿರಬೇಕು. ತುಂಬಿಸಲು ತನ್ನ ಮಾಲು ಇಲ್ಲ. ಮುಂಬಯಿಯ ವ್ಯಾಪಾರಿಯೊಬ್ಬನಿಂದ ತನ್ನನ್ನು ಮುಳುಗಿಸಿದ ಆ ಹೊರದೇಶದ ಡೀಸೆಲನ್ನೇ ತರಿಸಿದ. ಲೋಣಾವಳಾದಲ್ಲಿ ಚಿಕ್ಕಿ ಕೊಳ್ಳಲು ಸಹ ಇಳಿಯಕೂಡದೆಂದು ಟ್ಯಾಂಕರಿನವನಿಗೆ ತಾಕೀತು ಮಾಡಿದ. ವೈರಿಯ ಎಣ್ಣೆ ತನ್ನ ಟ್ಯಾಂಕಿಗೆ ಗಳಗಳ ಇಳಿಯುವಾಗ ಅವನು ಒಂದು ಹನಿಯನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿದ. ಬಣ್ಣ ಅದೇ, ಜಿಗುಟು ಅದೇ. ಹಣೆಬರಹ ಮಾತ್ರ ಬೇರೆ.

ಎರಡನೆಯದು, ಮೂಗು. ಕರಿದ ಎಣ್ಣೆಯ ಕಾರ್ಖಾನೆಗೆ ಹೊಕ್ಕೊಡನೆ ಮಿರ್ಚಿ ಭಜಿಯ ವಾಸನೆ ಹೊಡೆಯಬೇಕು. ಗಾಡಿಗಳವರಿಂದ ನಾಲ್ಕು ಡಬ್ಬಿ ಸುಟ್ಟೆಣ್ಣೆ ತಂದು, ಶೆಡ್ಡಿನ ಹಿಂದೆ ದೂರದಲ್ಲಿ ಕಡಾಯಿಯಿಟ್ಟು ಕಾಯಿಸಲು ಸಾಬವ್ವನಿಗೆ ಹೇಳಿದ. ಮೂರನೆಯದನ್ನು ನೆನೆದಾಗ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಡೀಸೆಲ್ ತೋರಿಸಿ ಗ್ಲಿಸರಿನ್ ತೋರಿಸದಿದ್ದರೆ ಕರು ತೋರಿಸಿ ಕೆಚ್ಚಲು ಮರೆತ ಹಾಗಲ್ಲವೇ? ಸಾಬೂನಿನ ತಯಾರಕನಿಂದ ಕೆಲವು ಪೀಪಾಯಿ ಗ್ಲಿಸರಿನ್ ಕಡ ತಂದು, ಅವುಗಳ ಮೇಲೆ ಧೂಳು ಕೂರುವಂತೆ ಅಂಗಳದ ಮಣ್ಣು ತೂರಿಸಿದ.

ಉಳಿದದ್ದು ಹಂಡೆ. ಮೆಥನಾಲ್ ಇಟ್ಟುಕೊಳ್ಳಲು ಬೇಕಾದ ಪರವಾನಗಿ ಕಾರ್ಖಾನೆಯ ಜೊತೆಗೇ ತೀರಿಹೋಗಿತ್ತು. ಆದ್ದರಿಂದ ಹಂಡೆಗೆ ಬಾವಿಯ ನೀರು ತುಂಬಿಸಿದ. ಒಳಗಿನ ಕಲಕುಗೋಲು ತಿರುಗಿದರೆ ಸಾಕು, ನೀರೋ ಡೀಸೆಲೋ ಹೊರಗಿನವರಿಗೆ ತಿಳಿಯದು. ನಡೆಯುತ್ತಿರುವ ಹಂಡೆಯ ಮುಚ್ಚಳ ತೆರೆಸುವ ಪದ್ಧತಿ ಎಲ್ಲಿಯೂ ಇಲ್ಲ. ಉಷ್ಣತೆ ತೋರಿಸುವ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ಹುಲಿಗೆಪ್ಪ ಒಳಗಿನಿಂದ ಅಂಟು ಹಚ್ಚಿದ.

"ಸಾವ್ಕಾರ್ರ, ಸಿಕ್ಕಬಿದ್ರ ಹ್ಯಾಂಗ್ರಿ?" ಹುಲಿಗೆಪ್ಪ ಕೇಳಿದ.

"ನಾನು ಸಿಕ್ಕಬಿದ್ದಿದ್ದು ಒಮ್ಮೆ ಮಾತ್ರ, ನಿಮ್ಮ ಅಕ್ಕಾವರ ಕೈಯಾಗ. ಅದೂ ಲಗ್ನದಾಗ."

ಹುಲಿಗೆಪ್ಪ ನಗಲಿಲ್ಲ. ಅಂಟಿಸಿದ ಮುಳ್ಳು ಅಲುಗುತ್ತದೆಯೋ ಎಂದು ಇನ್ನೊಮ್ಮೆ ತಟ್ಟಿ ನೋಡಿದ.

ಗೊತ್ತಾದ ದಿನ ಬೆಳಿಗ್ಗೆ ಇಬ್ಬರು ಅಧಿಕಾರಿಗಳು ಬಂದರು. ಹಿರಿಯ ಕೇದಾರ ಮೂಲತಃ ಧಾರವಾಡದವರು, ದಿಲ್ಲಿಯಲ್ಲಿ ಕೂದಲು ನೆರೆತಿತ್ತು. ಜೊತೆಗೆ ಬಂದ ನೀತಾ ನಾಗಪುರದ ಹುಡುಗಿ, ರಸಾಯನಶಾಸ್ತ್ರ ಓದಿದವಳು, ಮರಾಠಿ ಬಿಟ್ಟರೆ ಹಿಂದಿ. ಕೇದಾರ ಬಾಯಿ ತೆರೆದೊಡನೆ ರಾಮಲಿಂಗಪ್ಪನ ಎದೆ ಅರಳಿತು. ನಮ್ಮವರು! ಕನ್ನಡದಲ್ಲಿ ಕೊಚ್ಚಿಕೊಳ್ಳುವ ಅವಕಾಶ! ಹಿಂದಿಯಲ್ಲಿ ಅವನಿಗೆ ಅರ್ಧ ಕೊಚ್ಚಲೂ ಬರುತ್ತಿರಲಿಲ್ಲ.

"ಬರ್ರಿ ಸಾಹೇಬ್ರ, ಹುಷಾರಿ. ಸಪ್ಪಳ ಭಾಳ ಅದ. ನಮ್ಮ ಮಿಶನ್ ಸಪ್ಪಳಕ್ಕ ಉಜನಿ ಡ್ಯಾಮಿನ ಮೀನು ಇನ್ನೊಂದು ದಂಡಿಗೆ ಹೋಗಿಬಿಟ್ಟಾವ."

"ಮೀನಿನವರದೂ ಒಂದು ಅರ್ಜಿ ಬರ್ತದಂತ ಅನ್ರಿ ಹಂಗಾದ್ರ," ಎಂದರು ಕೇದಾರ.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಅಂಗಳಕ್ಕೆ ಕಾಲಿಟ್ಟೊಡನೆ ಭಜಿಯ ವಾಸನೆಗೆ ಕೇದಾರ ಮೂಗರಳಿಸಿದರು. ನೀತಾ ಟ್ಯಾಂಕಿನ ಮೇಲೆ ಹತ್ತಿ ಇಣುಕಿ, ತಲೆಯಾಡಿಸಿ ಇಳಿದಳು. ಗ್ಲಿಸರಿನ್ ಎಲ್ಲಿ ಎಂದು ಅವಳು ಕೇಳಿದಾಗ ರಾಮಲಿಂಗಪ್ಪನಿಗೆ ಕುಣಿಯಬೇಕೆನ್ನಿಸಿತು. ಧೂಳು ಕೂತ ಪೀಪಾಯಿಗಳನ್ನು ಅರಮನೆ ತೋರಿಸುವವನ ಗತ್ತಿನಲ್ಲಿ ತೋರಿಸಿದ. ಹಂಡೆ ಗುಡುಗುಡು ಅನ್ನುತ್ತಿತ್ತು. ಹುಲಿಗೆಪ್ಪ ಆಗಾಗ ಅಂಟಿದ ಮುಳ್ಳಿನ ಕಡೆಗೆ ನೋಡಿ, ಎಲ್ಲ ಸರಿಯಿದೆ ಎಂಬಂತೆ ಗಂಭೀರವಾಗಿ ಹ್ಞೂಂಗುಡುತ್ತಿದ್ದ. ಗೆದ್ದೆನೆಂದು ರಾಮಲಿಂಗಪ್ಪನಿಗೆ ಖಾತ್ರಿಯಾಯಿತು.

ಆಗ ಕೇದಾರ ನಿಟ್ಟುಸಿರು ಬಿಟ್ಟರು.

"ನಿಮ್ಮಲ್ಲಿಗೆ ಬರೂಕಿಂತ ಮೊದಲ ಉಳಿದವರ ಪ್ಲಾಂಟ್ ಎಲ್ಲಾ ನೋಡಿ ಬಂದೇವರೀ. ಎಲ್ಲಾ ಬಂದ್. ಒಬ್ಬರ ಬಾಯ್ಲರಿನಾಗ ನಾಯಿ ಮರಿ ಹಾಕಿತ್ತು. ಹೊರಗಿನ ಮಾಲಿನಿಂದ ನಮ್ಮವರಿಗೆ ಪೆಟ್ಟು ಬಿದ್ದದ ಅನ್ನಲಿಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು? ಸುಂಕ ಏರಸ್ರಿ ಅಂತ ಬರೀಬೇಕಂತನ ಇದ್ದೆ."

"ಬರೀರಲ್ರಿ ಮತ್ತ!"

"ಹ್ಯಾಂಗ ಬರೀಲಿ? ಎಲ್ಲಾರಕಿಂತ ದೊಡ್ಡ ಪ್ಲಾಂಟ್ ನಿಮ್ಮದು. ಇಷ್ಟು ಜೋರ್ ನಡದದ, ಟ್ಯಾಂಕ್ ತುಂಬೇದ. ಪೆಟ್ಟು ಎಲ್ಲಿ ಬಿದ್ದದಪಾ ಅಂತ ಮ್ಯಾಲಿನವರು ನನ್ನನ್ನ ಕೇಳ್ತಾರ. ನಿಮ್ಮಂಥವರಿಗೆ ಸುಂಕ ಯಾಕ ಬೇಕರೀ?"

ರಾಮಲಿಂಗಪ್ಪನ ಕಿವಿಯಲ್ಲಿ ಹಂಡೆಯ ಗುಡುಗುಡು ನಿಂತುಹೋಯಿತು. ಬೀಗ ಹಾಕಿದ ಬಾಗಿಲು, ಜೇಡರ ಬಲೆ, ತುಕ್ಕು ಹಿಡಿದ ಕೊಳವೆ ಇಷ್ಟನ್ನೇ ತೋರಿಸಿದ್ದರೆ ಸಾಕಿತ್ತು. ವರ್ಷವಿಡೀ ಅವನು ಮುಚ್ಚಿಟ್ಟ ನಾಚಿಕೆಯನ್ನೇ ಇವರು ಕೇಳಿಕೊಂಡು ಬಂದಿದ್ದರು. ಅವನೋ ಅದನ್ನು ಗುಡಿಸಿ ಸಾರಿಸಿ, ಅದರ ಮೇಲೆ ಭಜಿಯ ಹೊಗೆ ಹಾಕಿದ್ದ.

"ಜೋರ್ ಅಂದ್ರ… ಅಷ್ಟೇನ್ ಜೋರ್ ಇಲ್ರಿ," ಎಂದ. "ಒಮ್ಮೊಮ್ಮೆ ಕೆಮ್ಮತದ. ಹ್ವಾದ ವಾರ ಭಾಳ ಸೊರಗಿತ್ತು."

"ಈಗ ನೀವ ಅಂದ್ರಲ್ಲ, ಮೀನು ದಂಡಿ ಬಿಟ್ಟಾವ ಅಂತ?"

"ಮೀನು ಸ್ವಲ್ಪ ಅಂಜುಬುರಕ ಅದಾವ್ರಿ."

ಕೇದಾರ ನಕ್ಕರು. ಆದರೆ ನೀತಾ ನಗಲಿಲ್ಲ. ಹೇಳಿದ್ದರಲ್ಲಿ ಒಂದು ಸುಳ್ಳು ಸಿಕ್ಕರೂ ಅರ್ಜಿಯಿಂದ ಹೆಸರು ಹೊರಗೆ, ಮೇಲೆ ಮೊಕದ್ದಮೆ ಎಂದು ಹಿಂದಿಯಲ್ಲಿ ನೆನಪಿಸಿದಳು. ಸತ್ಯ ಹೇಳಿದರೆ ಅವನು ಜೈಲಿಗೆ, ಸುಳ್ಳು ನಿಂತರೆ ಹಂಡೆ ಗುಜರಿಗೆ. ನಡುವೆ ಒಂದು ಸಂದು ಇದ್ದೇ ಇರಬೇಕು. ಎಷ್ಟೋ ಸುಳ್ಳುಗಳಿಗೆ ಸಂದು ಹುಡುಕಿಕೊಟ್ಟಿದ್ದ ಅವನ ತಲೆ ಈಗ ಹಂಡೆಯಲ್ಲಿನ ನೀರಿನ ಹಾಗೆ ಸುಮ್ಮನೆ ತಿರುಗುತ್ತಿತ್ತು. ಮನುಷ್ಯರ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಮನುಷ್ಯ ಏನು ಮಾಡುತ್ತಾನೋ ಅವನೂ ಅದನ್ನೇ ಮಾಡಿದ.

"ಒಂದ ನಿಮಿಷ ನಿಲ್ರಿ ಸಾಹೇಬ್ರ. ಸಾಬವ್ವಾ, ತಾಟು ತಾ."

ಸಾಬವ್ವ ಬೇಗನೆ ಬಂದಳು. ತಾಟಿನಲ್ಲಿ ವಿಭೂತಿ, ಚೆಂಡುಹೂ, ಕರ್ಪೂರ. ರಾಮಲಿಂಗಪ್ಪ ಚಪ್ಪಲಿ ಬಿಟ್ಟು ಹಂಡೆಯ ಮುಂದೆ ನಿಂತ. ವಿಭೂತಿ ಎಳೆದ, ಹೂವೇರಿಸಿದ. ಕಣ್ಣಲ್ಲಿ ನೀರು ಬಂತು. ಈ ನೀರಂತೂ ನಾಟಕದ್ದಲ್ಲ. ಹೇಗಾದರೂ ಮಾಡಿ ಇದೊಂದನ್ನು ಉಳಿಸಿಕೊಡು ತಂದೆ, ಇನ್ನು ಮೇಲೆ ಜರ್ಮನಿಯವರನ್ನು ಮೂರ್ಛೆಗೆ ಕೆಡವುವುದಿಲ್ಲ ಎಂದು ಬೇಡಿಕೊಂಡ. ಕಡ್ಡಿ ಗೀರಿ ಕರ್ಪೂರಕ್ಕೆ ಹಚ್ಚಿದ.

"ಪಳಾ! ಬಾಹೇರ ಪಳಾ!" ಹೊರಗೆ ಓಡಿ ಎಂದು ಮರಾಠಿಯಲ್ಲಿ ಚೀರಿ ನೀತಾ ಬಾಗಿಲ ಕಡೆಗೆ ಓಡಿದಳು. ಕೇದಾರ ಅವಳನ್ನೂ ಹಿಂದೆ ಹಾಕಿ ಓಡಿದರು. ಆ ಓಟಕ್ಕೆ ಸೋಲಾಪುರ ಹೆದ್ದಾರಿಯ ಟ್ರಕ್ಕುಗಳು ನಾಚಿ ಬದಿಗೆ ನಿಂತವೆಂದು ಹೇಳಿದರೂ ತಪ್ಪಿಲ್ಲ. ಒಂದು ಬೂಟು ಅಂಗಳದಲ್ಲೇ ಉಳಿಯಿತು. ಇಬ್ಬರೂ ಗೇಟಿನ ಕಲ್ಲುಕಂಬದ ಹಿಂದೆ ಕುಕ್ಕರಿಸಿ, ಕಿವಿ ಮುಚ್ಚಿಕೊಂಡರು.

"ಯಾಕ್ರಿ ಸಾವ್ಕಾರ್ರ," ಎಂದಳು ಸಾಬವ್ವ, "ಮಂಗಳಾರತಿ ತಗೊಳ್ಳದ ಹ್ವಾದ್ರಲ್ರಿ?"

ರಾಮಲಿಂಗಪ್ಪನಿಗೂ ತಿಳಿಯಲಿಲ್ಲ. ಉರಿಯುವ ಆರತಿ ಹಿಡಿದುಕೊಂಡೇ ಅಂಗಳಕ್ಕೆ ಬಂದು, "ಬರ್ರಿ ಸಾಹೇಬ್ರ, ಆರತಿ ತಗೊಳ್ರಿ!" ಎಂದು ಕೂಗಿದ. ಕಂಬದ ಹಿಂದಿನಿಂದ ಕೇದಾರರ ತಲೆ ಮೆಲ್ಲಗೆ ಹೊರಬಂತು. ಅವರು ಆರತಿಯನ್ನು ನೋಡಿದರು. ಗುಡುಗುಡು ಅನ್ನುತ್ತಿದ್ದ ಹಂಡೆಯನ್ನು ನೋಡಿದರು. ಅದಕ್ಕೆ ಬೆನ್ನು ಕೊಟ್ಟು ಕೈಮುಗಿದು ಹಾಯಾಗಿ ನಿಂತಿದ್ದ ಹುಲಿಗೆಪ್ಪನನ್ನು ನೋಡಿದರು. ಅವರ ಮುಖದ ಮೇಲಿನ ಭಯ ಇಳಿದುಹೋಗಿ, ಅಲ್ಲಿ ಬೇರೇನೋ ಬಂದು ಕೂತಿತು.

"ರಾಮಲಿಂಗಪ್ಪನವರ," ಎಂದರು ಮೆತ್ತಗೆ, "ಆ ಹಂಡ್ಯಾಗ ಏನದರೀ?"

ಬಿಸಿ ಮೆಥನಾಲಿನ ಆವಿಗೆ ಒಂದು ಕಿಡಿ ಸಾಕು, ಶೆಡ್ಡು ಸಮೇತ ಮೇಲೆ ಹೋಗುತ್ತದೆ. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಬೀಡಿ ಸೇದುವವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಖಂಡೇ ನವಮಿಯ ಆಯುಧಪೂಜೆಯನ್ನೂ ಹೊರಗೆ ರಸ್ತೆಯ ಮೇಲೆ ನಿಂತು ಮಾಡುತ್ತಿದ್ದರು. ಬಂದಾದ ಮೇಲೆ ಅಂಜಿಕೆ ಹೋಯಿತು. ಹಂಡೆ ಬಡವಾಯಿತೆಂದು ಸಾಬವ್ವ ಪ್ರತಿ ಸೋಮವಾರ ಅದರ ಬುಡದಲ್ಲೇ ದೀಪವಿಟ್ಟು ಕರ್ಪೂರ ಬೆಳಗತೊಡಗಿದಳು. ರಾಮಲಿಂಗಪ್ಪನೂ ಪಕ್ಕದಲ್ಲಿ ನಿಂತು ಕೈಮುಗಿದ. ಸತ್ತ ಹಂಡೆಗಷ್ಟೇ ಆರತಿ ಸಲ್ಲುತ್ತದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಬಾಯಿ ತೆರೆದ, ಏಷ್ಯಾ ಬರಲಿಲ್ಲ, ಜರ್ಮನಿಯೂ ಬರಲಿಲ್ಲ. "ನೀರ್ರಿ, ಸಾಹೇಬ್ರ," ಎಂದ. "ಬಾವಿ ನೀರು. ಟ್ಯಾಂಕಿನಾಗಿರೂದು ಆ ಹೊರಗಿನವರದ ಮಾಲು, ನಾನ ತಂದು ತುಂಬೀನಿ. ಪ್ಲಾಂಟ್ ಬಂದಾಗಿ ವರ್ಷ ಆತು. ಖರೇನ ಭಾಳ ಪೆಟ್ಟು ಬಿದ್ದದರೀ ನಮಗ."